ಹಳೇ ಸೀರೆಯ ಬೇಸಿಗೆ ಫ್ರಾಕು

ಗಂಡಸು ಸೂಜಿ ಹಿಡಿದರೆ ಜನ ನಗುತ್ತಾರೆ. ದರ್ಜಿ ಹಿಡಿದರೆ ನಗುವುದಿಲ್ಲ, ಯಾಕೆಂದರೆ ಅದು ಅವನ ಹೊಟ್ಟೆಪಾಡು. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಗುಮಾಸ್ತನಾದವನು ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಕಿಟಕಿ ಪರದೆಗೆ ಅಂಚು ಮಡಿಸಿ ಹೊಲಿಯುತ್ತಿದ್ದರೆ ಮಾತ್ರ ಬೀದಿಯಲ್ಲಿ ಹೋಗುವವರಿಗೆಲ್ಲ ಅದೊಂದು ತಮಾಷೆ. ಎಪ್ಪತ್ತರ ದಶಕದ ನಡುಭಾಗದ ಮಾತು. ನನಗಾಗ ಮೂವತ್ತನಾಲ್ಕು ವರ್ಷ. ರಾಜಾಜಿನಗರದ ಒಂದು ಮನೆಯ ಹಿಂಭಾಗದಲ್ಲಿ, ಶೀಟು ಹೊದಿಸಿದ ಪೋರ್ಶನ್ನಿನಲ್ಲಿ ಒಬ್ಬನೇ ಬಾಡಿಗೆಗಿದ್ದೆ. ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಬೇಸಿಗೆಯಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ. ಮಗಳು ಬರುವವಳಿದ್ದಳು.

ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಅತ್ತೆ ಕೆಂಗೇರಿಯಲ್ಲಿ ಒಬ್ಬರೇ ಇದ್ದರು. ಮಾವ ಎಂದೋ ಹೋಗಿದ್ದರು, ನನ್ನ ಹೆಂಡತಿಯನ್ನು ಬಿಟ್ಟರೆ ಅವರಿಗೆ ಬೇರೆ ಮಕ್ಕಳಿರಲಿಲ್ಲ. ಕಾರ್ಯವೆಲ್ಲ ಮುಗಿದ ದಿನ ಅವರು ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ನೀವು ಗಂಡಸರು, ಬೆಳಗಾದರೆ ಕೆಲಸಕ್ಕೆ ಹೋಗುವವರು, ಇವಳನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಮಗು ಕೆಂಗೇರಿಗೆ ಹೋಯಿತು, ಐದು ವರ್ಷ ಅಲ್ಲೇ ಇತ್ತು.

ತಿಂಗಳಿಗೊಂದು ಭಾನುವಾರ ಮಾರ್ಕೆಟ್ಟಿಗೆ ಹೋಗಿ ಕೆಂಗೇರಿ ಬಸ್ಸು ಹಿಡಿಯುತ್ತಿದ್ದೆ. ಮಗಳು ನಡುಮನೆಯ ಕಂಬಕ್ಕೆ ಆತುಕೊಂಡು ನಿಂತು ನನ್ನನ್ನು ನೋಡುತ್ತಿದ್ದಳು. ನಾನು ತಂದ ಬಿಸ್ಕತ್ತಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಜ್ಜಿಗೆ ಕೊಡುತ್ತಿದ್ದಳು. ಅಜ್ಜಿಯನ್ನು ನೀನು ಎನ್ನುವವಳು ನನ್ನನ್ನು ನೀವು ಎನ್ನುತ್ತಿದ್ದಳು. ಊಟ ಮಾಡ್ತೀರಾ ಎಂದು ನೆಂಟರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದಳು. ಅದರಲ್ಲಿ ತಪ್ಪೇನೂ ಇಲ್ಲ, ಅತ್ತೆ ಚೆನ್ನಾಗಿಯೇ ಬೆಳೆಸಿದ್ದರು. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರು ಮಾತನಾಡಿಸಿದರೆ ನಾನು ಕಿಟಕಿಯ ಕಡೆಗೆ ತಿರುಗಿಕೊಳ್ಳುತ್ತಿದ್ದೆ.

ಆ ವರ್ಷ ಯುಗಾದಿಗೆ ಹೋದಾಗ ಧೈರ್ಯ ಮಾಡಿ ಕೇಳಿದೆ. ಮಗಳು ನನ್ನ ಹತ್ತಿರ ಬಂದಿರಲಿ, ನಾಲ್ಕನೇ ಕ್ಲಾಸಿಗೆ ರಾಜಾಜಿನಗರದಲ್ಲೇ ಸೇರಿಸುತ್ತೇನೆ, ಸ್ಕೂಲು ಎರಡು ಬೀದಿಯಾಚೆ ಇದೆ, ನಾನು ಬರುವ ತನಕ ಮನೆ ಒಡತಿ ನೋಡಿಕೊಳ್ಳುತ್ತಾರೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಬಹಳ ಹೊತ್ತು ಆರಿಸುತ್ತಲೇ ಇದ್ದರು.

“ಬೇಸಿಗೆ ರಜ ಪೂರ್ತಿ ನಿಮ್ಮ ಹತ್ರ ಇರ್ಲಿ” ಎಂದರು ಕೊನೆಗೆ. “ಸ್ಕೂಲು ಶುರುವಾಗೋಕೆ ಮುಂಚೆ ನಾನು ಬರ್ತೀನಿ. ಅವಳನ್ನೇ ಕೇಳೋಣ. ಅಪ್ಪನ ಹತ್ರ ಇರ್ತೀನಿ ಅಂದ್ರೆ ನಾನು ಅಡ್ಡ ಬರಲ್ಲ.”

ಆರು ವಾರ. ನನಗೆ ಅದು ಪರೀಕ್ಷೆಯಂತೆಯೇ ಕಂಡಿತು, ಪರೀಕ್ಷೆಗೆ ಓದುವವನಂತೆಯೇ ತಯಾರಿಗೆ ಕೂತೆ. ನನ್ನ ತಲೆಯೊಳಗೆ ಲೆಕ್ಕ ಸರಳವಾಗಿತ್ತು. ಮನೆ ಚೆಂದವಿದ್ದರೆ ಮಗು ಉಳಿಯುತ್ತದೆ.

ಮನೆ ಎನ್ನುವುದು ದೊಡ್ಡ ಮಾತು. ಒಂದು ಕೋಣೆ, ಒಂದು ಅಡುಗೆಮನೆ. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆಲ್ಲ ತಲೆಯ ಮೇಲಿನ ಶೀಟು ಕಾದ ಹೆಂಚಾಗುತ್ತಿತ್ತು. ಐದು ವರ್ಷ ಅಲ್ಲಿ ಮಲಗಿದ್ದೆನೇ ಹೊರತು ವಾಸವಾಗಿರಲಿಲ್ಲ. ಗೋಡೆಯ ಮೇಲೆ ಒಂದು ಕ್ಯಾಲೆಂಡರ್, ಮೊಳೆಗೆ ನೇತುಹಾಕಿದ ಒಂದು ಛತ್ರಿ, ಅಷ್ಟೇ ಅಲಂಕಾರ.

ಲೈಬ್ರರಿಗೆ ಹೋಗಿ ವಾರಪತ್ರಿಕೆಗಳ ಹೆಂಗಸರ ಪುಟಗಳನ್ನು ಓದತೊಡಗಿದೆ. ಮೇಲೆ ರಾಜಕೀಯದ ಪುಟ ಹರಡಿಕೊಂಡು ಕೆಳಗಡೆ ‘ಕಸದಿಂದ ರಸ’ ಓದುವ ಕಲೆ ಎರಡೇ ದಿನದಲ್ಲಿ ಬಂತು. ಗೋಣಿಚೀಲವನ್ನು ಬಿಚ್ಚಿ, ಒಗೆದು, ಸುತ್ತ ಕೆಂಪು ಉಲ್ಲನ್ನಿನಿಂದ ಅಂಚು ಕಟ್ಟಿ ಕಿಟಕಿಗೆ ತೂಗುಹಾಕಿದೆ. ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸಿದರೆ ಗಾಳಿ ತಂಪಾಗಿ ಬರುತ್ತದೆ, ಮಣ್ಣಿನ ವಾಸನೆಯೂ ಬರುತ್ತದೆ. ಹಣ್ಣಿನಂಗಡಿಯಿಂದ ಮರದ ಪೆಟ್ಟಿಗೆ ತಂದು, ಉಜ್ಜಿ, ಬಣ್ಣ ಬಳಿದು ಮಗಳ ಪುಸ್ತಕಗಳಿಗೆ ಗೂಡು ಮಾಡಿದೆ. ಫ್ಯೂಸಾದ ಬಲ್ಬಿನ ಬುಡವನ್ನು ಹುಷಾರಾಗಿ ಬಿಡಿಸಿ, ನೀರು ತುಂಬಿ, ಒಡತಿಯ ಮನೆಯಿಂದ ಕೇಳಿ ತಂದ ಮನಿಪ್ಲಾಂಟಿನ ಒಂದು ಕುಡಿ ಇಟ್ಟು ಕಿಟಕಿಯಲ್ಲಿ ನೇತುಹಾಕಿದೆ. ಮೂರು ಬಲ್ಬು ಒಡೆದು, ಹೆಬ್ಬೆರಳು ಕೊಯ್ದುಕೊಂಡ ಮೇಲೆ ನಾಲ್ಕನೆಯದು ಸರಿಹೋಯಿತು. ನೀರಿನ ಗಡಿಗೆಯ ಮೇಲೆ ಸುಣ್ಣದಲ್ಲಿ ಹಸೆ ಚಿತ್ತಾರ ಬರೆದೆ. ಒಡತಿ ಬಂದು ನೋಡಿ, ನೀವು ಹೆಣ್ಣಾಗಿ ಹುಟ್ಟಬೇಕಿತ್ತು ಎಂದರು. ಅವರು ಐವತ್ತು ದಾಟಿದ, ಬಾಯಿ ಜೋರಾದರೂ ಮನಸ್ಸು ಮೃದುವಾದ ಹೆಂಗಸು. ಆದರೂ ಆ ಮಾತಿಗೆ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಏಪ್ರಿಲ್ ನಡುವಿನಲ್ಲಿ ಮಗಳು ಒಂದು ಸಣ್ಣ ತಗಡಿನ ಟ್ರಂಕಿನೊಂದಿಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಒಂದೊಂದನ್ನೂ ಕೈಮುಟ್ಟದೆ ನೋಡಿದಳು. ಬಲ್ಬಿನೊಳಗಿನ ಬೇರನ್ನು ಬಗ್ಗಿ ನೋಡಿದಳು. ಇದೆಲ್ಲ ನೀವೇ ಮಾಡಿದ್ದಾ ಎಂದು ಕೇಳಿದಳು. ಹೌದೆಂದೆ. ಅವಳ ಕಣ್ಣು ಅಗಲವಾಯಿತು. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಹೊಗಳಿಕೆ ಸಿಕ್ಕಿರಲಿಲ್ಲ. ದಾರಿ ಸಿಕ್ಕಿತು ಎಂದುಕೊಂಡೆ. ಈಗ ಯೋಚಿಸಿದರೆ ನಾನು ದಾರಿ ತಪ್ಪಿದ್ದು ಅಲ್ಲೇ.

ಅತ್ತೆ ಟ್ರಂಕಿನಲ್ಲಿ ಒಳ್ಳೊಳ್ಳೆಯ ನೈಲಾನ್ ಫ್ರಾಕುಗಳನ್ನೇ ಇಟ್ಟು ಕಳಿಸಿದ್ದರು. ಪೇಟೆಯಲ್ಲಿ ಮಗಳು ಬಡವಿಯಂತೆ ಕಾಣಬಾರದೆಂಬ ಆಸೆ ಅವರದು. ಆ ಶೀಟಿನ ಕೆಳಗೆ ನೈಲಾನ್ ಎಂದರೆ ಶಿಕ್ಷೆ. ನಾಲ್ಕನೇ ದಿನಕ್ಕೆ ಮಗಳ ಕುತ್ತಿಗೆ, ಬೆನ್ನು ಎಲ್ಲ ಬೆವರುಸಾಲೆ ಎದ್ದಿತು. ತುರಿಸಿಕೊಳ್ಳುತ್ತಿದ್ದಳೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಒಡತಿ ನೋಡಿ ನನ್ನನ್ನು ಬೈದರು. ಮಗುವಿಗೆ ಹಳೇ ಹತ್ತಿ ಬಟ್ಟೆ ಹಾಕಬೇಕು, ಹತ್ತಾರು ಸಲ ಒಗೆದು ಮೆತ್ತಗಾದದ್ದು, ಹೊಸದಲ್ಲ ಎಂದರು.

ಹಳೇ ಹತ್ತಿ ಬಟ್ಟೆ ನನ್ನ ಹತ್ತಿರ ಒಂದಿತ್ತು. ಹೋದವರ ಸೀರೆ ಮನೆಯಲ್ಲಿಡಬಾರದೆಂದು ಎಲ್ಲವನ್ನೂ ಹಂಚಿಬಿಟ್ಟಿದ್ದರು. ಒಂದನ್ನು ಮಾತ್ರ ನಾನು ಯಾರಿಗೂ ಹೇಳದೆ ನನ್ನ ಟ್ರಂಕಿನ ತಳದಲ್ಲಿ ನ್ಯೂಸ್ ಪೇಪರಿನ ಕೆಳಗಿಟ್ಟಿದ್ದೆ. ತಿಳಿನೀಲಿ ಚೌಕಳಿ, ಕಿರುಬೆರಳಗಲ ಕೆಂಪು ಅಂಚು. ದಿನವೂ ಉಡುವ ಕೈಮಗ್ಗದ ಸೀರೆ, ಒಗೆದೊಗೆದು ಬೆಣ್ಣೆಯಂತಾಗಿತ್ತು. ಅದನ್ನು ಚಾಪೆಯ ಮೇಲೆ ಹಾಸಿ, ಕತ್ತರಿ ಹಿಡಿದು ಕೂತೆ. ಅದರ ಮೇಲೆ ಕತ್ತರಿ ಆಡಿಸುವುದು ನನಗೆ ಸುಲಭವಾಗಲಿಲ್ಲ, ಅಷ್ಟು ಹೇಳಿದರೆ ಸಾಕು.

ಅಳತೆ ತೆಗೆದದ್ದು ಒಡತಿ. ಎದೆ, ಭುಜ, ಉದ್ದ ಎಂದು ಒಳಗಿನಿಂದ ಕೂಗಿ ಹೇಳಿದ್ದನ್ನು ನಾನು ಹೊರಗೆ ನಿಂತು ಬರೆದುಕೊಂಡೆ. ಪೇಪರಿನಲ್ಲಿ ಕತ್ತರಿಸಿ ನೋಡಿ, ಆಮೇಲೆ ಬಟ್ಟೆ ಕತ್ತರಿಸಿದೆ. ತೋಳಿಲ್ಲ, ಭುಜದ ಮೇಲೆ ಕಟ್ಟಿಕೊಳ್ಳುವ ಪಟ್ಟಿ, ಸೊಂಟಕ್ಕೆ ನೆರಿಗೆ, ಕೆಳಗೆ ಆ ಕೆಂಪಂಚು. ಅವರ ಹೊಲಿಗೆ ಮೆಷಿನ್ನಿನ ಮೇಲೆ ಕೂತು ತುಳಿದರೆ ಹೊಲಿಗೆ ಕೆರೆ ಏರಿಯ ಹಾಗೆ ಬಳುಕಿಕೊಂಡು ಹೋಯಿತು. ಮೆಷಿನ್ ಎಳೆಯುತ್ತದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು ಒಡತಿ, ಒಗ್ಗರಣೆ ಹಾಕುತ್ತಲೇ.

ಬೆಳೆಯುವ ಮಕ್ಕಳ ಬಟ್ಟೆಗೆ ಆಗ ಕೆಳಗಡೆ ಟಕ್ ಹಿಡಿಯುತ್ತಿದ್ದರು. ಬಟ್ಟೆಯನ್ನು ಎರಡು ಬೆರಳಗಲ ಒಳಗೆ ಮಡಿಸಿ ಹೊಲಿದುಬಿಡುವುದು, ಮುಂದಿನ ವರ್ಷ ಮಗು ಉದ್ದವಾದಾಗ ಬಿಚ್ಚಿ ಇಳಿಸುವುದು. ಸ್ಕೂಲಿಗೆ ಹೋಗುವ ಹುಡುಗಿಯರ ಲಂಗಗಳಲ್ಲೆಲ್ಲ ಕೆಳಗೆ ಬಣ್ಣ ಮಾಸದ ಒಂದು ಪಟ್ಟೆ ಕಾಣುತ್ತಿತ್ತು. ಅದನ್ನು ನೋಡಿ ಎಷ್ಟನೇ ವರ್ಷದ ಲಂಗ ಎಂದು ಹೇಳಬಹುದಿತ್ತು. ಒಡತಿ ಒಂದು ಟಕ್ ಹಿಡಿಯಲು ಹೇಳಿದರು. ನಾನು ಮೂರು ಹಿಡಿದೆ. ಮೂರು ಯಾಕ್ರೀ ಎಂದರು. ಬಟ್ಟೆ ಮಿಕ್ಕಿತ್ತು ಎಂದೆ. ಅವರು ನನ್ನ ಮುಖ ನೋಡಿ ಅಡುಗೆಮನೆಗೆ ಹೋದರು.

ಫ್ರಾಕು ಹಾಕಿಕೊಂಡ ದಿನ ಮಗಳು ಅಂಗಳದಲ್ಲಿ ಗಿರಗಿರನೆ ತಿರುಗಿದಳು. ಮೂರೇ ದಿನದಲ್ಲಿ ಬೆವರುಸಾಲೆ ಇಳಿಯಿತು. ಅದರ ಖುಷಿಯಲ್ಲಿ ನಾನು ಉಳಿದ ಬಟ್ಟೆಯಲ್ಲಿ ಎರಡು ಬನಿಯನ್ನಿನಂಥ ಶಮೀಜು ಹೊಲಿದೆ, ಚೂರುಗಳನ್ನು ಸೇರಿಸಿ ದಿಂಬಿನ ಚೀಲ ಹೊಲಿದೆ, ಇನ್ನೂ ಉಳಿದದ್ದರಲ್ಲಿ ಅವಳ ಜಡೆಗೆ ಟೇಪು ಮಾಡಿದೆ.

ಎರಡು ವಾರ ರಜ ಹಾಕಿದ್ದೆ. ಆ ಎರಡು ವಾರ ನಾವಿಬ್ಬರೂ ಬಾಗಿಲಿಗೆ ಮಣಿಯ ಪರದೆ ಮಾಡುತ್ತ ಕೂತೆವು. ಆಗ ಮನೆಮನೆಯಲ್ಲೂ ಅದರ ಹುಚ್ಚು. ಹಳೇ ಕ್ಯಾಲೆಂಡರುಗಳ ಹೊಳಪಿನ ಕಾಗದವನ್ನು ಉದ್ದ ತ್ರಿಕೋನವಾಗಿ ಕತ್ತರಿಸಿ, ಅಗಲದ ಕಡೆಯಿಂದ ಸೈಕಲ್ ಚಕ್ರದ ಕಡ್ಡಿಗೆ ಬಿಗಿಯಾಗಿ ಸುತ್ತಿಕೊಂಡು ಹೋಗಿ, ತುದಿಗೆ ಮೈದಾ ಅಂಟು ಹಚ್ಚಿ ಎಳೆದರೆ ನಡುವೆ ಉಬ್ಬಿದ ಒಂದು ಮಣಿ. ಒಣಗಿದ ಮೇಲೆ ವಾರ್ನಿಷ್ ಬಳಿದು ನೈಲಾನ್ ದಾರದಲ್ಲಿ ಪೋಣಿಸಬೇಕು. ಒಂದು ಬಾಗಿಲಿಗೆ ಸಾವಿರ ಮಣಿಗೂ ಹೆಚ್ಚು ಬೇಕು. ನಾನು ಕತ್ತರಿಸುತ್ತಿದ್ದೆ, ಅವಳು ಸುತ್ತುತ್ತಿದ್ದಳು. ಅವಳ ಸಣ್ಣ ಬೆರಳುಗಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಒಂದು ದಿನ ಮೈಮರೆತು, ಅಪ್ಪ, ಇದನ್ನ ಹಿಡ್ಕೋ ಎಂದಳು. ನೀವು ಅಲ್ಲ, ಹಿಡ್ಕೋ. ನಾನು ಕಡ್ಡಿಯನ್ನು ಹಿಡಿದುಕೊಂಡೆ. ತಲೆ ಎತ್ತಿದರೆ ಎಲ್ಲಿ ಮತ್ತೆ ನೀವು ಎನ್ನುತ್ತಾಳೋ ಎಂದು ತಲೆ ಎತ್ತಲಿಲ್ಲ.

ಕ್ಯಾಲೆಂಡರುಗಳು ಮುಗಿದ ಮೇಲೆ ಹಳೆಯ ಲಗ್ನಪತ್ರಿಕೆಗಳನ್ನು ತೆಗೆದೆ. ಆ ಕಟ್ಟಿನಲ್ಲಿ ನಮ್ಮದೇ ಮದುವೆಯವೂ ಇದ್ದವು, ಹೆಚ್ಚಿಗೆ ಅಚ್ಚುಹಾಕಿಸಿ ಅರಿಶಿನ ಹಚ್ಚದೆ ಉಳಿದವು. ಗುಲಾಬಿ ಕಾಗದ ಒಳ್ಳೆ ಗಟ್ಟಿಯಾಗಿತ್ತು. ನಾನು ನೋಡದೆಯೇ ಕತ್ತರಿಸಿ ಕೊಟ್ಟಿರಬೇಕು. ಮಗಳು ಒಂದು ಪಟ್ಟಿಯನ್ನು ಸುತ್ತದೆ ಕೈಯಲ್ಲಿ ಹಿಡಿದುಕೊಂಡು ಅದರ ಮೇಲಿದ್ದ ಅವಳಮ್ಮನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ಹೆಸರಿನ ಹಿಂದೆ ಚಿ. ಸೌ. ಎಂದಿದೆಯಲ್ಲ, ಹಾಗಂದರೇನು ಎಂದು ಕೇಳಿದಳು. ಹಾಗೆ ಹಾಕುವುದು ಪದ್ಧತಿ ಎಂದೆ. ಚಿರಂಜೀವಿ ಎನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

“ಅಮ್ಮ ಹೇಗಿದ್ರು?” ಎಂದಳು.

ಹೇಳಬಹುದಿತ್ತು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಹುಣಸೆಹಣ್ಣು ಕದ್ದು ತಿನ್ನುತ್ತಿದ್ದಳು, ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವಾಗ ನಿನಗಿಂತ ಅವಳೇ ಹೆಚ್ಚು ನೆನೆಯುತ್ತಿದ್ದಳು ಎಂದು ಏನೆಲ್ಲ ಹೇಳಬಹುದಿತ್ತು. ಐದು ವರ್ಷ ಯಾರ ಹತ್ತಿರವೂ ಆಡದ ಮಾತು ಒಮ್ಮೆಲೇ ನುಗ್ಗಿ ಬಂತು. ಅತ್ತುಬಿಡುತ್ತೇನೆಂದು ಹೆದರಿದೆ. ಮಗಳ ಮುಂದೆ ಅಳುವ ಅಪ್ಪನನ್ನು ಯಾವ ಮಗು ಇಷ್ಟಪಡುತ್ತದೆ ಎಂದು ಆ ಕ್ಷಣಕ್ಕೆ ತೋರಿತು.

“ಅಂಟು ಒಣಗೋಗುತ್ತೆ, ಬೇಗ ಸುತ್ತು” ಎಂದೆ.

ಅವಳು ಸುತ್ತಿದಳು. ಆಮೇಲೆ ಆ ವಿಷಯ ಕೇಳಲೇ ಇಲ್ಲ.

ರಜ ಮುಗಿದು ಕೆಲಸಕ್ಕೆ ಹೋಗತೊಡಗಿದೆ. ಹಗಲು ಅವಳು ಒಡತಿಯ ಮನೆಯಲ್ಲಿರುತ್ತಿದ್ದಳು. ಸಂಜೆ ನಾನು ಬರುವ ಹೊತ್ತಿಗೆ ಗೇಟಿನ ಹತ್ತಿರ ಕೂತಿರುತ್ತಿದ್ದಳು. ನಾನು ಕೈಕಾಲು ತೊಳೆದು, ಕಾಫಿ ಕುಡಿದು, ಹೊಲಿಗೆಯ ಡಬ್ಬಿ ತೆಗೆದುಕೊಂಡು ಕೂರುತ್ತಿದ್ದೆ. ಜೂನ್ ಹತ್ತಿರ ಬರುತ್ತಿತ್ತು. ಪರದೆ ಮುಗಿಯಬೇಕಿತ್ತು, ಅವಳ ಹಾಸಿಗೆಗೊಂದು ಚೂರುಬಟ್ಟೆಯ ಹೊದಿಕೆ ಆಗಬೇಕಿತ್ತು, ಸ್ಕೂಲಿಗೆ ಚೀಲ ಆಗಬೇಕಿತ್ತು. ಒಂದು ಸಂಜೆ ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆಬೀಜ ಉಜ್ಜಿಟ್ಟುಕೊಂಡು, ಆಡೋಣವಾ ಎಂದು ಕೇಳಿದಳು. ಇದೊಂದು ಸಾಲು ಮುಗಿಸಿಬಿಡುತ್ತೇನೆ, ಇರು ಎಂದೆ. ಒಂದು ಸಾಲು ಎರಡಾಯಿತು, ಮೂರಾಯಿತು. ನೋಡಿದರೆ ಅವಳು ಒಬ್ಬಳೇ ಆಡುತ್ತಿದ್ದಳು. ಈ ಕಡೆ ಕೂತು ಬೀಜ ಹಾಕಿ ಕಾಯಿ ನಡೆಸಿ, ಎದ್ದು ಆ ಕಡೆ ಹೋಗಿ ಕೂತು ನನ್ನ ಪಾಲಿನ ಆಟವನ್ನೂ ಆಡುತ್ತಿದ್ದಳು. ಎಷ್ಟು ಜಾಣೆ, ಹಟವೇ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಮೆಚ್ಚಿಕೊಂಡು ನಾಲ್ಕನೇ ಸಾಲು ಶುರುಮಾಡಿದೆ. ಈ ಒಂದು ಸಂಜೆಗಾಗಿ ನನ್ನನ್ನು ನಾನು ಬೈದುಕೊಂಡಷ್ಟು ಇನ್ನಾವುದಕ್ಕೂ ಬೈದುಕೊಂಡಿಲ್ಲ.

ನಡುವೆ ಒಂದು ಭಾನುವಾರ ಅತ್ತೆ ಹಪ್ಪಳ, ಸಂಡಿಗೆ ತೆಗೆದುಕೊಂಡು ಬಂದರು. ಮಗಳು ಓಡಿಹೋಗಿ ಅವರ ಸೊಂಟವನ್ನು ತಬ್ಬಿಕೊಂಡಳು. ಅವರು ಅವಳ ಬೆನ್ನು ಸವರುತ್ತ ಫ್ರಾಕಿನ ಬಟ್ಟೆಯನ್ನು ಗುರುತು ಹಿಡಿದರು, ಕೈ ಅಲ್ಲೇ ನಿಂತಿತು. ಸೀರೆ ಬಚ್ಚಿಟ್ಟಿದ್ದಕ್ಕೆ ಏನೆನ್ನುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅವರು ಬಗ್ಗಿ ಅಂಚನ್ನು ಕೈಯಲ್ಲಿ ಹಿಡಿದು ಒಂದು, ಎರಡು, ಮೂರು ಎಂದು ಟಕ್ಕುಗಳನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿದರು. ಚೆನ್ನಾಗಿ ಹೊಲಿದಿದ್ದೀರಿ ಎಂದರು. ಊಟಕ್ಕೆ ಕೂತಾಗ ಎರಡು ತುತ್ತಿಗಿಂತ ಹೆಚ್ಚು ಅವರಿಗೆ ಸೇರಲಿಲ್ಲ. ಅವತ್ತು ಮೊದಲ ಬಾರಿಗೆ ನನಗೆ ಹೊಳೆಯಿತು, ಕೆಂಗೇರಿಯ ಆ ಮನೆಯಲ್ಲಿ ಈ ಒಂದು ತಿಂಗಳು ಅವರು ಯಾರ ಜೊತೆ ಮಾತನಾಡಿರುತ್ತಾರೆ ಎಂದು. ಹೊಳೆದರೂ ಕಾಣದವನಂತೆ ಇದ್ದೆ. ಗೆಲ್ಲಬೇಕೆನ್ನುವವನಿಗೆ ಅಷ್ಟೆಲ್ಲ ಕರುಣೆ ಇರುವುದಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ ಬಂತು. ಹಿಂದಿನ ದಿನವೇ ಪರದೆ ಮುಗಿದು ಬಾಗಿಲಿಗೆ ಏರಿತ್ತು. ಸ್ಕೂಲು ಚೀಲ ಮೊಳೆಯ ಮೇಲಿತ್ತು. ಅತ್ತೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂದು ಮಣಿಗಳನ್ನು ಸರಿಸಿಕೊಂಡು ಒಳಗೆ ಕಾಲಿಟ್ಟರು. ಚಾಪೆಯ ಮೇಲೆ ಕೂತು, ನೀರು ಕುಡಿದು, ಮಗಳನ್ನು ಹತ್ತಿರ ಕರೆದರು. ಮಗಳು ಇಬ್ಬರ ನಡುವೆ ನಿಂತಳು. ಅತ್ತೆ ಸುತ್ತಿ ಬಳಸಿ ಮಾತನಾಡುವವರಲ್ಲ. ಜೂನಿನಿಂದ ಯಾವ ಸ್ಕೂಲಿಗೆ ಹೋಗುತ್ತೀ, ಇಲ್ಲಿಯದಕ್ಕಾ, ಕೆಂಗೇರಿಯದಕ್ಕಾ, ನಿನಗೆ ಹೇಗೆ ಇಷ್ಟವೋ ಹಾಗೆ, ಯಾರೂ ಬೈಯುವುದಿಲ್ಲ ಎಂದು ನೇರವಾಗಿ ಕೇಳಿದರು.

ಮಗಳು ಕಿಟಕಿ ನೋಡಿದಳು, ಪುಸ್ತಕದ ಗೂಡು ನೋಡಿದಳು, ನನ್ನನ್ನು ನೋಡಿದಳು.

“ಇಲ್ಲಿ ಚೆನ್ನಾಗಿದೆ ಅಜ್ಜಿ” ಎಂದಳು. “ಆದ್ರೆ ನೀನು ಒಬ್ಳೇ ಆಗ್ತೀಯಲ್ಲ. ನಿಂಗೆ ಬೇಜಾರಾಗುತ್ತೆ. ಅಪ್ಪಂಗೆ ಬೇಜಾರಾಗಲ್ಲ, ಅವರಿಗೆ ಯಾವಾಗ್ಲೂ ಹೊಲಿಯೋದಿರುತ್ತೆ.”

ಯೋಚನೆ ಮಾಡಿ, ಇಬ್ಬರಿಗೂ ಅನ್ಯಾಯವಾಗದಂತೆ, ನ್ಯಾಯವಾಗಿ ಹೇಳಿದ ಮಾತು. ಆರು ವಾರ ಅವಳು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಳು. ಸಂಜೆ ಬಂದು, ತಲೆ ತಗ್ಗಿಸಿ, ಕೈತುಂಬ ಕೆಲಸವಿಟ್ಟುಕೊಂಡು, ಇರು ಇರು ಎನ್ನುವ ಒಬ್ಬ ಮನುಷ್ಯ. ಅವನಿಗೆ ಜೊತೆ ಬೇಕೆಂದು ಮಗು ಯಾವುದನ್ನು ನೋಡಿ ತಿಳಿದುಕೊಳ್ಳಬೇಕು?

ಅತ್ತೆ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಗೆದ್ದ ಗುರುತು ಇರಲಿಲ್ಲ. “ನೀವೇನಂತೀರಿ?” ಎಂದು ಕೇಳಿ ಕಾದರು. ನಿಜವಾಗಿಯೂ ಕಾದರು. ನನಗೆ ಮಾತನಾಡಲು ಬೇಕಾದಷ್ಟು ಸಮಯ ಕೊಟ್ಟರು. ನನಗೂ ಬೇಜಾರಾಗುತ್ತೆ ಮಗಳೇ ಎಂದಿದ್ದರೆ ಸಾಕಿತ್ತು. ಅವಳು ಅಲ್ಲೇ ನಿಂತು ಮತ್ತೆ ಯೋಚಿಸುತ್ತಿದ್ದಳು, ಅಷ್ಟು ನ್ಯಾಯ ಬಲ್ಲ ಮಗು ಅದು. ಆದರೆ ಆ ಮಾತನ್ನು ನಾನು ಯಾರಿಗೂ ಹೇಳಿ ಅಭ್ಯಾಸವಿರಲಿಲ್ಲ. ಹೆಂಡತಿಯ ಹತ್ತಿರವೂ ಹೇಳಿರಲಿಲ್ಲ. ಬೀದಿಯವರು ನಕ್ಕರೆ ಉರಿಯುತ್ತಿದ್ದ ಆ ಹಾಳು ಬಿಗುಮಾನವೇ ಆಗಲೂ ಬಾಯಿ ಕಟ್ಟಿತು.

“ಅವಳು ಹೇಳೋದು ಸರಿ ಅತ್ತೆ” ಎಂದೆ. “ನಂಗೇನು, ಕೆಲಸ ಇದ್ದೇ ಇರುತ್ತೆ.”

ಸ್ಕೂಲಿನಲ್ಲಿ ಸರಿಯಾದ ಉತ್ತರ ಹೇಳಿದವಳಂತೆ ಮಗಳ ಮುಖ ಅರಳಿತು. ಅವಳ ಟ್ರಂಕನ್ನು ಬಸ್ ಸ್ಟಾಪಿನ ತನಕ ನಾನೇ ಹೊತ್ತುಕೊಂಡು ಹೋದೆ.